ನೆಲವನ್ನು ಬಿಡುವ ಮುನ್ನ

ವಿಮಾನದ ಮಾತು ಬಂದಾಗ ನಾವೆಲ್ಲರೂ ಸಹಜವಾಗಿ ಆಕಾಶದ ಕಡೆ ನೋಡುತ್ತೇವೆ. ಅದು ಎಷ್ಟು ಎತ್ತರಕ್ಕೆ ಏರಿತು, ಎಷ್ಟು ವೇಗವಾಗಿ ಹೋಯಿತು, ಯಾವ ಸಮುದ್ರವನ್ನು ದಾಟಿತು ಎಂಬುದೇ ನಮ್ಮ ಕುತೂಹಲದ ವಿಷಯ. ಹಾರುವುದಕ್ಕೆ ಮುಂಚೆ ಅದು ನೆಲದ ಮೇಲೆ ಓಡುವ ಅರ್ಧ ನಿಮಿಷವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಊಟಕ್ಕೆ ಮುಂಚೆ ಎಲೆ ಹಾಕುವಂತೆ ಅದೊಂದು ಪೂರ್ವಸಿದ್ಧತೆ ಎಂದು ಬಿಟ್ಟುಬಿಡುತ್ತೇವೆ. ಆದರೆ ಚಿಕ್ಕ ವಿಮಾನಗಳನ್ನು ನಡೆಸಿದವರನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ನೇರವಾಗಿ ಓಡಬೇಕಾದ ಯಂತ್ರವು ಥಟ್ಟನೆ ಪಕ್ಕಕ್ಕೆ ತಿರುಗಿ, ಚಕ್ರ ಮುರಿದು, ರೆಕ್ಕೆ ನೆಲಕ್ಕೆ ತಾಗಿ ಕುಸಿದ ಪ್ರಸಂಗಗಳು ವಿಮಾನ ಚರಿತ್ರೆಯ ಉದ್ದಕ್ಕೂ ಉಂಟು. ಅವುಗಳಲ್ಲಿ ಒಂದು, ಜಗತ್ತೇ ಕಣ್ಣಿಟ್ಟು ನೋಡುತ್ತಿದ್ದ ಒಂದು ಪ್ರಯಾಣದ ಗತಿಯನ್ನೇ ಬದಲಾಯಿಸಿತು. ಈ ಹೊತ್ತು ನಾವು ಹೇಳಲಿರುವುದು ಆ ಅರ್ಧ ನಿಮಿಷದ ಚರಿತ್ರೆಯನ್ನು.

ಮೊದಲು ಕಷ್ಟವೆಲ್ಲಿದೆ ಎಂಬುದನ್ನು ತಿಳಿಯೋಣ. ನೆಲದ ಮೇಲೆ ಮೆಲ್ಲಗೆ ಹೋಗುವ ವಿಮಾನವನ್ನು ದಾರಿಯಲ್ಲಿ ಇಡುವುದು ಅದರ ಚಕ್ರಗಳು. ಆಕಾಶದಲ್ಲಿ ಹಾರುವಾಗ ಆ ಕೆಲಸವನ್ನು ಬಾಲದಲ್ಲಿರುವ ಚುಕ್ಕಾಣಿ ಮಾಡುತ್ತದೆ. ಚುಕ್ಕಾಣಿಗೆ ಬಲ ಬರುವುದು ಅದರ ಮೇಲೆ ಬೀಸುವ ಗಾಳಿಯಿಂದ. ಓಟದ ಮೊದಲಲ್ಲಿ ಆ ಗಾಳಿ ಸಾಲದು. ಓಟದ ಕೊನೆಯಲ್ಲಾದರೋ, ರೆಕ್ಕೆಗಳು ಭಾರವನ್ನು ಎತ್ತಿಕೊಳ್ಳತೊಡಗುವುದರಿಂದ ಚಕ್ರಗಳಿಗೆ ನೆಲದ ಹಿಡಿತ ಸಡಿಲವಾಗುತ್ತದೆ. ಒಬ್ಬ ಅರಸನು ಸಿಂಹಾಸನದಿಂದ ಇಳಿಯುತ್ತಿದ್ದಾನೆ. ಇನ್ನೊಬ್ಬನು ಇನ್ನೂ ಪೂರ್ತಿಯಾಗಿ ಏರಿಲ್ಲ. ರಾಜ್ಯಗಳ ಚರಿತ್ರೆಯಲ್ಲಿ ಇಂಥ ನಡುಗಾಲ ಎಷ್ಟು ಅಪಾಯಕರವೆಂಬುದನ್ನು ನಾವು ಓದಿದ್ದೇವೆ. ವಿಮಾನದ ಓಟದಲ್ಲಿಯೂ ಹಾಗೆಯೇ.

ವಿಮಾನವನ್ನು ಕಂಡುಹಿಡಿದ ರೈಟ್ ಸಹೋದರರು ಈ ತೊಡಕನ್ನು ಬಿಡಿಸಲು ಹೋಗಲಿಲ್ಲ. ಅದರ ಪಕ್ಕದಿಂದ ಹಾದುಹೋದರು. ೧೯೦೩ರ ಅವರ ಯಂತ್ರಕ್ಕೆ ಚಕ್ರಗಳೇ ಇರಲಿಲ್ಲ. ಕಿಟಿ ಹಾಕ್ ಬಳಿಯ ಮರಳಿನ ಮೇಲೆ ೬೦ ಅಡಿ ಉದ್ದದ ಒಂದೇ ಒಂದು ಮರದ ಕಂಬಿಯನ್ನು ಹಾಸಿ, ಸೈಕಲ್ಲಿನ ಚಕ್ರದ ನಡುಗುಂಬದಿಂದ ಮಾಡಿದ ಉರುಳೆಗಳಿದ್ದ ಒಂದು ಚಿಕ್ಕ ಬಂಡಿಯ ಮೇಲೆ ಯಂತ್ರವನ್ನು ಕೂರಿಸಿದರು. ಆ ಕಂಬಿಗೆ ಗ್ರ್ಯಾಂಡ್ ಜಂಕ್ಷನ್ ರೈಲ್‌ರೋಡ್ ಎಂದು ಹಾಸ್ಯದ ಹೆಸರನ್ನೂ ಇಟ್ಟರು. ರೈಲು ಹಳಿಯ ಮೇಲೆ ಹೋಗುವಂತೆ ಯಂತ್ರವು ಕಂಬಿಯ ಮೇಲೆ ಹೋಗಬೇಕಾಗಿದ್ದುದರಿಂದ ಅದಕ್ಕೆ ದಾರಿ ತಪ್ಪುವ ಅವಕಾಶವೇ ಇರಲಿಲ್ಲ. ಡಿಸೆಂಬರ್ ೧೪ರಂದು ವಿಲ್ಬರನು ಮಾಡಿದ ಮೊದಲ ಪ್ರಯತ್ನ ಕೆಟ್ಟದ್ದು ಕಂಬಿಯನ್ನು ಬಿಟ್ಟ ಮೇಲೆ, ಮೂಗನ್ನು ಅತಿಯಾಗಿ ಮೇಲಕ್ಕೆತ್ತಿದ್ದರಿಂದ. ಡಿಸೆಂಬರ್ ೧೭ರಂದು ಆರ್ವಿಲನು ೧೨ ಸೆಕೆಂಡುಗಳಲ್ಲಿ ೧೨೦ ಅಡಿ ಹಾರಿದನು. ಅದೇ ದಿನ ವಿಲ್ಬರನು ೫೯ ಸೆಕೆಂಡುಗಳಲ್ಲಿ ೮೫೨ ಅಡಿ ಹೋದನು. ಅವರ ಯಂತ್ರದಲ್ಲಿ ಪ್ರೊಪೆಲರುಗಳು ಎರಡು. ಒಂದರ ಸರಪಳಿಯನ್ನು ಅಡ್ಡಹಾಯಿಸಿ, ಎರಡೂ ಎದುರುಬದುರು ದಿಕ್ಕಿನಲ್ಲಿ ತಿರುಗುವಂತೆ ಅವರು ಮಾಡಿದ್ದರು. ಒಂದರ ಸೆಳೆತ ಇನ್ನೊಂದರ ಸೆಳೆತಕ್ಕೆ ವಜಾ ಆಗುತ್ತಿತ್ತು.

ಕಂಬಿಯ ಉಪಾಯಕ್ಕೆ ಬೆಲೆಯೂ ಇತ್ತು. ೧೯೦೪ರಲ್ಲಿ ಅವರು ತಮ್ಮ ಊರಾದ ಡೇಟನ್ನಿನ ಬಳಿಯ ಹುಲ್ಲುಗಾವಲಿನಲ್ಲಿ ಪ್ರಯೋಗಗಳನ್ನು ಮುಂದುವರಿಸಿದಾಗ, ಕಂಬಿಯನ್ನು ಗಾಳಿಗೆ ಎದುರಾಗಿ ಹಾಸಬೇಕಾಗುತ್ತಿತ್ತು. ಗಾಳಿ ದಿಕ್ಕು ಬದಲಾಯಿಸಿದರೆ ಕಿತ್ತು ಮತ್ತೆ ಹಾಸಬೇಕಾಗುತ್ತಿತ್ತು. ಕಂಬಿಯಿರುವಲ್ಲಿ ಮಾತ್ರ ಏರಬಲ್ಲ ವಿಮಾನದಿಂದ ಲೋಕಕ್ಕೆ ಹೆಚ್ಚಿನ ಉಪಯೋಗವಿಲ್ಲ. ಚಕ್ರಗಳು ಬರಲೇಬೇಕಾಯಿತು, ಅವುಗಳೊಡನೆ ದಿಕ್ಕು ತಪ್ಪುವ ಸ್ವಾತಂತ್ರ್ಯವೂ ಬಂದಿತು.

ಅಮೆರಿಕದ ಗ್ಲೆನ್ ಕರ್ಟಿಸ್ಸನು ೧೯೦೮ರಲ್ಲಿ ತನ್ನ ಜೂನ್ ಬಗ್ ವಿಮಾನಕ್ಕೆ ಮೂರು ಚಕ್ರಗಳನ್ನು ಹಾಕಿದನು: ಮುಂದೆ ಒಂದು, ಹಿಂದೆ ಎರಡು. ಆದರೆ ಲೋಕವು ಆ ದಾರಿಯನ್ನು ಬಹುಕಾಲ ಹಿಡಿಯಲಿಲ್ಲ. ಮುಂದುಗಡೆ ಎರಡು ಚಕ್ರ, ಬಾಲದ ಕೆಳಗೆ ನೆಲವನ್ನು ಉಜ್ಜುವ ಒಂದು ಮರದ ಊರುಗೋಲು ಅಥವಾ ಪುಟ್ಟ ಚಕ್ರ — ಈ ಕ್ರಮವೇ ಎಲ್ಲೆಡೆಯಲ್ಲಿಯೂ ರೂಢಿಯಾಯಿತು. ಇದಕ್ಕೆ ಕಾರಣಗಳಿದ್ದುವು. ಬಾಲದ ಕೋಲು ಬಲು ಹಗುರ. ಬ್ರೇಕುಗಳಿಲ್ಲದ ಕಾಲದಲ್ಲಿ ನೆಲವನ್ನು ಕೆರೆದು ಯಂತ್ರವನ್ನು ನಿಲ್ಲಿಸುವುದಕ್ಕೆ ಅದೇ ಸಾಧನ. ಮೂಗು ಮೇಲಕ್ಕಿರುವುದರಿಂದ ಪ್ರೊಪೆಲರು ಹುಲ್ಲಿಗೂ ಕಲ್ಲಿಗೂ ತಾಗದು.

ಈ ಅನುಕೂಲಗಳೆಲ್ಲಕ್ಕೂ ಒಂದು ದೋಷ ಅಂಟಿಕೊಂಡಿತ್ತು. ವಿಮಾನದ ಭಾರದ ಕೇಂದ್ರವು ಮುಂದಿನ ಎರಡು ಚಕ್ರಗಳಿಗಿಂತ ಹಿಂದೆ ಬೀಳುತ್ತದೆ. ಎತ್ತು ಬಿಚ್ಚಿದ ಗಾಡಿಯನ್ನು ಮೂಕಿ ಹಿಡಿದು ಎಳೆದರೆ ಅದು ನೇರವಾಗಿ ಹಿಂಬಾಲಿಸುತ್ತದೆ. ಅದೇ ಮೂಕಿಯನ್ನು ಹಿಡಿದು ಹಿಂದಕ್ಕೆ ನೂಕಿದರೆ, ಸ್ವಲ್ಪ ಓರೆಯಾದುದೇ ತಡ, ಗಾಡಿ ಪಕ್ಕಕ್ಕೆ ತಿರುಗಿಕೊಳ್ಳುತ್ತದೆ. ಬಾಲದ ಚಕ್ರದ ವಿಮಾನ ಈ ಎರಡನೆಯ ಬಗೆಯದು. ಮೂಗು ಸ್ವಲ್ಪ ಎಡಕ್ಕೆ ಹೊರಳಿದರೆ, ಹಿಂದಿರುವ ಭಾರವು ಮೊದಲಿನ ದಾರಿಯಲ್ಲಿಯೇ ಮುನ್ನುಗ್ಗಿ, ಆ ಹೊರಳನ್ನು ತಿದ್ದುವುದಕ್ಕೆ ಬದಲಾಗಿ ಹೆಚ್ಚಿಸುತ್ತದೆ. ಹೆಚ್ಚಿದ ಹೊರಳು ಇನ್ನೂ ಹೆಚ್ಚಿನ ಹೊರಳನ್ನು ತರುತ್ತದೆ. ಕೊನೆಗೆ ವಿಮಾನವು ತನ್ನ ಬಾಲವನ್ನು ತಾನೇ ಹಿಡಿಯಹೋದ ನಾಯಿಯಂತೆ ಗಿರ್ರನೆ ಸುತ್ತಿ ನಿಲ್ಲುತ್ತದೆ. ವಿಮಾನಿಗಳು ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ನೆಲಸುತ್ತು ಎಂದು ನಾವು ಕರೆಯಬಹುದು.

ಮೊದಲ ಹೊರಳು ಎಲ್ಲಿಂದ ಬರುತ್ತದೆ? ಬಹುಮಟ್ಟಿಗೆ ಪ್ರೊಪೆಲರಿನಿಂದ. ವಿಮಾನಿಯ ಪೀಠದಿಂದ ನೋಡುವಾಗ ಅದು ಗಡಿಯಾರದ ಮುಳ್ಳಿನಂತೆ ತಿರುಗುತ್ತಿದೆ ಎಂದಿಟ್ಟುಕೊಳ್ಳೋಣ. ಆಗ ವಿಮಾನದ ಒಡಲು ಎದುರು ದಿಕ್ಕಿಗೆ ಹೊರಳಲು ಯತ್ನಿಸಿ, ಎಡಗಡೆಯ ಚಕ್ರವನ್ನು ನೆಲಕ್ಕೆ ಒತ್ತುತ್ತದೆ; ಇದು ಒಂದು. ಪ್ರೊಪೆಲರು ಹಿಂದಕ್ಕೆ ಎಸೆಯುವ ಗಾಳಿ ಸುರುಳಿಯಾಗಿ ಬಂದು ಬಾಲವನ್ನು ಎಡಗಡೆಯಿಂದ ಹೊಡೆದು ಮೂಗನ್ನು ಎಡಕ್ಕೆ ತಿರುಗಿಸುತ್ತದೆ, ಇದು ಎರಡು. ಬಾಲ ಕೆಳಗಿರುವ ತನಕ, ಪ್ರೊಪೆಲರಿನಲ್ಲಿ ಬಲಗಡೆ ಇಳಿಯುವ ಅಲಗು ಎಡಗಡೆ ಏರುವ ಅಲಗಿಗಿಂತ ಹೆಚ್ಚು ಗಾಳಿಯನ್ನು ಹಿಡಿಯುತ್ತದೆ, ಇದು ಮೂರು. ಇನ್ನು ಬಾಲವನ್ನು ಎತ್ತುವ ಗಳಿಗೆಯಲ್ಲಿ ಬುಗುರಿಯ ನ್ಯಾಯ ಬರುತ್ತದೆ. ತಿರುಗುವ ಬುಗುರಿಯನ್ನು ಒಂದು ಕಡೆಗೆ ನೂಕಿದರೆ ಅದು ಅಡ್ಡದಿಕ್ಕಿಗೆ ವಾಲುವಂತೆ, ತಿರುಗುವ ಪ್ರೊಪೆಲರಿನ ಮೂಗು ಕೆಳಗಿಳಿದೊಡನೆ ಎಡಕ್ಕೆ ಸರಿಯುತ್ತದೆ; ಇದು ನಾಲ್ಕು. ನಾಲ್ವರೂ ಎಡಕ್ಕೆ ಎಳೆಯುತ್ತಾರೆ. ಬಲಕ್ಕೆ ಎಳೆಯುವುದಕ್ಕೆ ವಿಮಾನಿಯ ಬಲಗಾಲು ಒಂದೇ. ಚುಕ್ಕಾಣಿಯನ್ನು ಕಾಲಿನಿಂದ ಒತ್ತಿ ಆಡಿಸಬೇಕಷ್ಟೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಈ ಬುಗುರಿಯ ನ್ಯಾಯ ಬಹಳ ಕಠೋರವಾಯಿತು. ಆಗಿನ ಅನೇಕ ಹಗುರ ವಿಮಾನಗಳಲ್ಲಿ ಎಂಜಿನಿನ ಒಡಲು ಕೂಡ ಪ್ರೊಪೆಲರಿನೊಡನೆ ಸುತ್ತುತ್ತಿತ್ತು. ೧೯೧೭ರಲ್ಲಿ ಯುದ್ಧರಂಗಕ್ಕೆ ಬಂದ ಬ್ರಿಟಿಷರ ಸೊಪ್‌ವಿತ್ ಕ್ಯಾಮೆಲ್ ಇವುಗಳಲ್ಲಿ ಪ್ರಸಿದ್ಧವಾದುದು. ಎಂಜಿನು, ಕೋವಿಗಳು, ಎಣ್ಣೆಯ ತೊಟ್ಟಿ, ವಿಮಾನಿ — ಎಲ್ಲ ಭಾರವೂ ಮುಂದಿನ ಕೆಲವೇ ಅಡಿಗಳಲ್ಲಿ ತುಂಬಿತ್ತು. ನುರಿತವನ ಕೈಯಲ್ಲಿ ಅದು ಮಿಂಚಿನಂತೆ ತಿರುಗುವ ಆಯುಧ. ಹೊಸಬನಿಗೆ ಅದೇ ಮೃತ್ಯು. ನೆಲ ಬಿಟ್ಟೊಡನೆ ಎಂಜಿನಿಗೆ ಹೋಗುವ ಪೆಟ್ರೋಲನ್ನು ಸರಿಯಾಗಿ ತಗ್ಗಿಸದಿದ್ದರೆ ಎಂಜಿನು ಕಟ್ಟಿಹೋಗುತ್ತಿತ್ತು. ಕಾಲು ಚುಕ್ಕಾಣಿಯ ಮೇಲೆ, ಕೈ ಪೆಟ್ರೋಲಿನ ಮೇಲೆ, ಕಣ್ಣು ಮುಂದೆ — ಇಪ್ಪತ್ತು ವಯಸ್ಸಿನ ಹುಡುಗನು ಈ ಮೂರನ್ನೂ ಒಂದೇ ಗಳಿಗೆಯಲ್ಲಿ ನೋಡಿಕೊಳ್ಳಬೇಕಾಗಿತ್ತು. ಶತ್ರುವಿನ ಮುಖವನ್ನು ಕಾಣುವ ಮೊದಲೇ ತರಬೇತಿಯ ಮೈದಾನದಲ್ಲಿ ಪ್ರಾಣ ಬಿಟ್ಟವರು ಅನೇಕರು.

ಯುದ್ಧ ಮುಗಿದ ಮೇಲೆ ಸುತ್ತುವ ಎಂಜಿನುಗಳು ಹೋದುವು, ಎಳೆತ ಹೋಗಲಿಲ್ಲ. ಭಾರತದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರಿಗೆ ಹಾರಾಟದ ಅಕ್ಷರಾಭ್ಯಾಸ ಮಾಡಿಸಿದ ಟೈಗರ್ ಮಾತ್ ವಿಮಾನದ ಪ್ರೊಪೆಲರು ನಾವು ಮೇಲೆ ಹೇಳಿದುದಕ್ಕೆ ವಿರುದ್ಧವಾಗಿ ತಿರುಗುತ್ತಿತ್ತು. ಆದುದರಿಂದ ಅದು ಬಲಕ್ಕೆ ಎಳೆಯುತ್ತಿತ್ತು. ಅಮೆರಿಕದ ಯಂತ್ರಗಳು ಎಡಕ್ಕೆ ಎಳೆಯುತ್ತಿದ್ದುವು. ಒಂದೇ ಹೆಸರಿನ ವಿಮಾನದಲ್ಲಿಯೂ ಈ ಭೇದ ಬಂದದ್ದುಂಟು. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರಿಗೆ ಮೊದಲು ಇದ್ದುದು ಮರ್ಲಿನ್ ಎಂಜಿನು. ಆಮೇಲಿನ ಮಾದರಿಗಳಿಗೆ ಗ್ರಿಫನ್ ಎಂಬ ಹೆಚ್ಚು ಬಲದ ಎಂಜಿನು ಬಂತು. ಮರ್ಲಿನ್ ಎಡಕ್ಕೆ ಎಳೆದರೆ ಗ್ರಿಫನ್ ಬಲಕ್ಕೆ ಎಳೆಯುತ್ತಿತ್ತು. ನೂರಾರು ಬಾರಿ ಹಾರಿದ ವಿಮಾನಿಯು ಹಳೆಯ ಅಭ್ಯಾಸದಿಂದ ಬಲಗಾಲನ್ನು ಒತ್ತಿದನೆಂದರೆ ಯಂತ್ರದ ತಪ್ಪಿಗೆ ತನ್ನ ತಪ್ಪನ್ನೂ ಸೇರಿಸಿದಂತಾಗುತ್ತಿತ್ತು. ಕಲಿತ ವಿದ್ಯೆಯೇ ಅಪಾಯವಾಗುವ ಇಂಥ ಸಂದರ್ಭಗಳು ನಮ್ಮಂಥ ಅಧ್ಯಾಪಕರಿಗೆ ವಿಚಾರಮಾಡತಕ್ಕವು.

ಇದರ ಜೊತೆಗೆ ನೆಲದ ಚರಿತ್ರೆಯೂ ಬದಲಾಯಿತು. ಹಿಂದಿನ ವಿಮಾನ ನಿಲ್ದಾಣವೆಂದರೆ ವಿಶಾಲವಾದ ಹುಲ್ಲಿನ ಬಯಲು. ಗಾಳಿ ಯಾವ ಕಡೆಯಿಂದ ಬಂದರೂ ಅದಕ್ಕೆ ಎದುರಾಗಿ ನಿಂತು ಓಡಬಹುದಾಗಿತ್ತು. ವಿಮಾನಗಳ ಭಾರ ಹೆಚ್ಚಿದಂತೆ ಕಾಂಕ್ರೀಟಿನ ಓಟದ ಹಾದಿಗಳು ಬಂದುವು. ಹಾದಿ ಒಂದು ದಿಕ್ಕಿಗೆ, ಗಾಳಿ ಇನ್ನೊಂದು ದಿಕ್ಕಿಗೆ. ಅಡ್ಡಗಾಳಿಯು ಬಾಲವನ್ನು ನೂಕಿ, ಗಾಳಿಕೋಳಿಯಂತೆ ಮೂಗನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ರೈಟ್ ಸಹೋದರರು ಗಾಳಿಗೆ ತಕ್ಕಂತೆ ಕಂಬಿಯನ್ನು ಬದಲಾಯಿಸುತ್ತಿದ್ದರು; ಕಾಂಕ್ರೀಟನ್ನು ಹಾಗೆ ಕೀಳುವವರಾರು?

ಈಗ ನಾವು ಮೊದಲಲ್ಲಿ ಸೂಚಿಸಿದ ಪ್ರಸಂಗಕ್ಕೆ ಬರೋಣ. ಅಮೆರಿಕದ ಅಮೀಲಿಯ ಇಯರ್‌ಹಾರ್ಟಳು ೧೯೩೨ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಏಕಾಕಿನಿಯಾಗಿ ಹಾರಿ ದಾಟಿದ ಮೊದಲ ಮಹಿಳೆ. ೧೯೩೭ರಲ್ಲಿ ಆಕೆ ಭೂಮಧ್ಯರೇಖೆಯ ಆಸುಪಾಸಿನ ದಾರಿಯಲ್ಲಿ ಭೂಮಂಡಲವನ್ನೇ ಸುತ್ತಿ ಬರುವ ಸಂಕಲ್ಪ ಮಾಡಿದಳು. ವಿಮಾನವು ಲಾಕ್‌ಹೀಡ್ ಎಲೆಕ್ಟ್ರ. ಎರಡು ಎಂಜಿನು, ಬಾಲದ ಚಕ್ರ. ಮೂಲತಃ ಹತ್ತು ಮಂದಿ ಪ್ರಯಾಣಿಕರಿಗಾಗಿ ಮಾಡಿದ ಈ ಯಂತ್ರದ ಒಡಲಿನಲ್ಲಿ ಆಸನಗಳಿಗೆ ಬದಲಾಗಿ ಪೆಟ್ರೋಲಿನ ತೊಟ್ಟಿಗಳನ್ನು ತುಂಬಿದ್ದರು. ಮಾರ್ಚ್ ೧೭ರಂದು ಕ್ಯಾಲಿಫೋರ್ನಿಯದ ಓಕ್‌ಲೆಂಡಿನಿಂದ ಪಶ್ಚಿಮಾಭಿಮುಖವಾಗಿ ಹೊರಟು, ೧೬ ಗಂಟೆಗೂ ಕಡಮೆಯಾದ ಕಾಲದಲ್ಲಿ ಹವಾಯಿ ದ್ವೀಪವನ್ನು ಮುಟ್ಟಿದರು.

ಮಾರ್ಚ್ ೨೦ರ ಬೆಳಗಿನ ಜಾವ, ಹೊನೊಲುಲು ಬಳಿಯ ಲೂಕ್ ಫೀಲ್ಡಿನಿಂದ ಮುಂದಿನ ಪಯಣ. ಗುರಿ, ಪೆಸಿಫಿಕ್ ಸಾಗರದ ನಡುವಿನ ಹೌಲೆಂಡ್ ಎಂಬ ಪುಟ್ಟ ದ್ವೀಪ. ವಿಮಾನದಲ್ಲಿ ಸುಮಾರು ೯೦೦ ಗ್ಯಾಲನ್ ಪೆಟ್ರೋಲು. ಇಯರ್‌ಹಾರ್ಟಳ ಜೊತೆಗೆ ದಾರಿಗಣಕರಾದ ಹ್ಯಾರಿ ಮ್ಯಾನಿಂಗ್ ಮತ್ತು ಫ್ರೆಡ್ ನೂನನ್. ಓಟ ವೇಗವಾಗುತ್ತಿದ್ದಂತೆ ವಿಮಾನ ಬಲಕ್ಕೆ ಹೊರಳಿತು. ಅದನ್ನು ತಿದ್ದಲು ಆಕೆ ಎಡಗಡೆಯ ಎಂಜಿನಿನ ಬಲವನ್ನು ತಗ್ಗಿಸಿದಳು. ಯಂತ್ರವು ನೇರವಾಗಿ ನಿಲ್ಲಲಿಲ್ಲ. ನೇರವನ್ನು ದಾಟಿ ಎಡಕ್ಕೆ ಹೊರಳಿತು, ಆ ಹೊರಳು ಬೆಳೆಯಿತು. ಪೆಟ್ರೋಲಿನ ಭಾರವೆಲ್ಲ ಚಕ್ರಗಳ ಮೇಲೆ ಅಡ್ಡವಾಗಿ ಬಿದ್ದು ಚಕ್ರದ ಕಾಲುಗಳು ಮುರಿದುವು. ವಿಮಾನವು ಹೊಟ್ಟೆಯ ಮೇಲೆ ಜಾರಿ, ಕಿಡಿಗಳನ್ನು ಚೆಲ್ಲುತ್ತ ಹೋಗಿ ನಿಂತಿತು. ಪೆಟ್ರೋಲು ಸೋರುತ್ತಿದ್ದರೂ ಬೆಂಕಿ ಹತ್ತಲಿಲ್ಲ. ಇಯರ್‌ಹಾರ್ಟಳು ಸ್ವಿಚ್ಚುಗಳನ್ನು ಆರಿಸಿದ್ದಳು. ಮೂವರೂ ಗಾಯವಿಲ್ಲದೆ ಹೊರಗೆ ಬಂದರು. ಕಾರಣದ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿದ್ದುವು. ಬಲಗಡೆಯ ಟಯರು ಒಡೆದಿರಬೇಕೆಂದು ಕೆಲವರು. ಎರಡು ಎಂಜಿನುಗಳ ಬಲವನ್ನು ಏರಿಸಿ ಇಳಿಸಿ ದಿಕ್ಕನ್ನು ತಿದ್ದಲು ಹೋದದ್ದೇ ತಪ್ಪೆಂದು ಕೆಲವರು. ಮೊದಲ ಹೊರಳಿಗೆ ಯಾವುದೇ ಕಾರಣವಿರಲಿ, ಎರಡನೆಯ ಹೊರಳು ಮೊದಲನೆಯದಕ್ಕೆ ಮಾಡಿದ ಚಿಕಿತ್ಸೆಯಿಂದ ಹುಟ್ಟಿತೆಂಬುದು ಮಾತ್ರ ಕಾಣುತ್ತದೆ.

ಇದರ ಪರಿಣಾಮ ಆ ಹಾದಿಯಲ್ಲಿಯೇ ಮುಗಿಯಲಿಲ್ಲ. ಮುರಿದ ವಿಮಾನವನ್ನು ಹಡಗಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಸಾಗಿಸಿ ದುರಸ್ತಿಮಾಡುವಷ್ಟರಲ್ಲಿ ಎರಡು ತಿಂಗಳು ಕಳೆಯಿತು. ಋತು ಬದಲಾಯಿತು, ಮಳೆ ಬಿರುಗಾಳಿಗಳ ಲೆಕ್ಕವೂ ಬದಲಾಯಿತು. ಪಶ್ಚಿಮಕ್ಕೆ ಹೊರಟಿದ್ದ ಪ್ರಯಾಣವನ್ನು ಪೂರ್ವಕ್ಕೆ ತಿರುಗಿಸಬೇಕಾಯಿತು. ಆದುದರಿಂದ ಯಾತ್ರೆಯ ಮೊದಲಲ್ಲಿಯೇ ಮುಗಿಯಬೇಕಾಗಿದ್ದ ಹೌಲೆಂಡಿನ ಕಠಿನವಾದ ಘಟ್ಟವು ದಣಿದ ಕೊನೆಗೆ ಹೋಯಿತು. ರೇಡಿಯೋ ತಂತಿಭಾಷೆಯನ್ನು ಚೆನ್ನಾಗಿ ಬಲ್ಲ ಮ್ಯಾನಿಂಗನು ರಜೆ ಮುಗಿದು ತನ್ನ ಹಡಗಿನ ಕೆಲಸಕ್ಕೆ ಹಿಂತಿರುಗಿದನು. ಜೂನ್ ತಿಂಗಳಲ್ಲಿ ಇಯರ್‌ಹಾರ್ಟ್ ಮತ್ತು ನೂನನ್ ನಮ್ಮ ದೇಶದ ಮೇಲೆ ಹಾದುಹೋದರು. ಕರಾಚಿಯಿಂದ ಕಲ್ಕತ್ತೆಗೆ ಬಂದಾಗ ಮುಂಗಾರು ಹಿಡಿದಿತ್ತು. ಡಂಡಮ್ ಮೈದಾನದ ಕೆಸರು ಚಕ್ರಗಳನ್ನು ಬಿಡದೆ ಹಿಡಿದುಕೊಂಡು, ಎದುರಿಗಿದ್ದ ಮರಗಳನ್ನು ವಿಮಾನವು ಹೇಗೋ ದಾಟಿತು. ಜುಲೈ ೨ರಂದು ನ್ಯೂಗಿನಿಯ ಲೇ ಎಂಬ ಊರಿನಿಂದ, ಸಮುದ್ರದ ದಡಕ್ಕೆ ಮುಗಿಯುವ ಹಾದಿಯಲ್ಲಿ ಓಡಿ, ತುಂಬಿದ ತೊಟ್ಟಿಗಳ ಎಲೆಕ್ಟ್ರ ಮೇಲಕ್ಕೆ ಎದ್ದಿತು. ಈ ಬಾರಿ ಓಟ ನೇರವಾಗಿತ್ತು. ಆದರೆ ಹೌಲೆಂಡಿನ ಬಳಿ ಕಾದಿದ್ದ ಹಡಗಿಗೂ ವಿಮಾನಕ್ಕೂ ನಡುವೆ ಮಾತು ಕೂಡಲಿಲ್ಲ. ಹಡಗಿನವರಿಗೆ ಆಕೆಯ ದನಿ ಕೇಳಿತು; ಅವರ ಉತ್ತರ ಆಕೆಗೆ ಮುಟ್ಟಿದಂತೆ ತೋರಲಿಲ್ಲ. ಆಮೇಲೆ ಇಬ್ಬರನ್ನೂ ಕಂಡವರಿಲ್ಲ. ಮ್ಯಾನಿಂಗನು ಜೊತೆಗಿದ್ದಿದ್ದರೆ ಏನಾಗುತ್ತಿತ್ತು ಎಂದು ಹೇಳುವುದು ಚರಿತ್ರೆಗಾರನ ಕೆಲಸವಲ್ಲ. ಆದರೂ ಮಾರ್ಚಿಯ ಆ ಕೆಲವು ಸೆಕೆಂಡುಗಳು ದಾರಿಯನ್ನೂ ಕಾಲವನ್ನೂ ಸಂಗಡಿಗರನ್ನೂ ಬದಲಾಯಿಸಿದುವೆಂದು ಹೇಳದಿರುವುದೂ ಸಾಧ್ಯವಿಲ್ಲ.

ದೋಷವನ್ನು ವಿಮಾನಿಯ ಕಾಲಿಗೆ ಬಿಡದೆ ಯಂತ್ರದಲ್ಲಿಯೇ ತಿದ್ದಬೇಕೆಂದು ಆ ವೇಳೆಗೆ ಹಟತೊಟ್ಟವನೊಬ್ಬನಿದ್ದನು. ಆತ ಅಮೆರಿಕದ ಎಂಜಿನಿಯರ್ ಫ್ರೆಡ್ ವೀಕ್. ೧೯೩೪ರಲ್ಲಿ ಅವನೂ ಅವನ ಗೆಳೆಯರೂ ಬಿಡುವಿನ ವೇಳೆಯಲ್ಲಿ ಕಟ್ಟಿದ ವಿಮಾನದಲ್ಲಿ ಕರ್ಟಿಸ್ಸನ ಹಳೆಯ ಯೋಚನೆ ಮತ್ತೆ ತಲೆಯೆತ್ತಿತು: ಮೂಗಿನ ಕೆಳಗೊಂದು ಚಕ್ರ, ಭಾರದ ಕೇಂದ್ರದ ಹಿಂದೆ ಎರಡು. ಈಗ ಭಾರವು ಮುಖ್ಯ ಚಕ್ರಗಳ ಮುಂದಿದೆ. ಮೂಕಿ ಹಿಡಿದು ಎಳೆದ ಗಾಡಿಯಂತೆ ವಿಮಾನವು ಓರೆಯಾದರೂ ತಾನಾಗಿ ನೇರಕ್ಕೆ ಬರುತ್ತದೆ. ಮುಂದೆ ಅವನು ರೂಪಿಸಿದ ಎರ್‌ಕೂಪ್ ೧೯೩೭ರಲ್ಲಿ ಹಾರಿ, ೧೯೪೦ರಲ್ಲಿ ಸರ್ಕಾರದ ಅಂಗೀಕಾರ ಪಡೆಯಿತು. ಅದರಲ್ಲಿ ಕಾಲಿನ ಪೆಡಲುಗಳೇ ಇರಲಿಲ್ಲ. ಮೋಟಾರು ಕಾರಿನ ಚಕ್ರದಂಥ ಒಂದೇ ಚಕ್ರವನ್ನು ತಿರುಗಿಸಿದರೆ ರೆಕ್ಕೆಯ ಅಂಚು, ಚುಕ್ಕಾಣಿ, ಮೂಗಿನ ಚಕ್ರ ಮೂರೂ ಕೂಡಿ ತಿರುಗುತ್ತಿದ್ದುವು. ಯುದ್ಧಾನಂತರ ಅಂಗಡಿಗಳಲ್ಲಿ ಕೂಡ ಮಾರಾಟಕ್ಕೆ ಇಟ್ಟ ಈ ವಿಮಾನಗಳು ಒಟ್ಟು ೫,೦೦೦ಕ್ಕೂ ಮೇಲ್ಪಟ್ಟು ತಯಾರಾದುವು.

ಪೆಡಲುಗಳಿಲ್ಲದ ವಿಮಾನ ನಿಲ್ಲಲಿಲ್ಲ. ಮೂಗಿನ ಚಕ್ರ ನಿಂತಿತು. ಸೆಸ್ನ ಕಂಪೆನಿಯವರು ೧೯೪೮ರಲ್ಲಿ ತಂದ ೧೭೦ ಎಂಬ ಮಾದರಿಗೆ ಬಾಲದ ಚಕ್ರವಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು, ಮೂಗಿನ ಚಕ್ರವನ್ನು ಕೂಡಿಸಿ, ೧೯೫೬ರಲ್ಲಿ ೧೭೨ನ್ನು ಮಾರಾಟಕ್ಕೆ ತಂದರು. ಅಂದಿನಿಂದ ಅದು ೪೪,೦೦೦ಕ್ಕೂ ಹೆಚ್ಚಾಗಿ ತಯಾರಾಗಿ, ಲೋಕದಲ್ಲಿ ಅತ್ಯಧಿಕ ಸಂಖ್ಯೆಯಲ್ಲಿ ನಿರ್ಮಿತವಾದ ವಿಮಾನವೆನಿಸಿದೆ. ನಮ್ಮ ಬೆಂಗಳೂರಿನಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಮೈಸೂರು ಸರ್ಕಾರದ ಸಹಭಾಗದಿಂದ ೧೯೪೦ರಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾಕ್ಟರ್ ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ತರಬೇತಿಯ ವಿಮಾನ ಎಚ್.ಟಿ.-೨ ೧೯೫೧ರ ಆಗಸ್ಟಿನಲ್ಲಿ ಹಾರಿತು. ಅದಕ್ಕೆ ಬಾಲದ ಚಕ್ರ. ಅದೇ ಕಾರ್ಖಾನೆಯ ಮುಂದಿನ ರೂಪವು ೧೯೭೭ರಲ್ಲಿ ಹಾರಿಸಿದ ಎಚ್.ಪಿ.ಟಿ.-೩೨ಕ್ಕೆ ಮೂಗಿನ ಚಕ್ರ.

ಹಾಗಾದರೆ ತೊಡಕು ತೀರಿತೆ? ಇಲ್ಲ. ಮೂಗಿನ ಚಕ್ರವು ಹೊರಳನ್ನು ಬೆಳೆಸುವುದಿಲ್ಲ; ಅಷ್ಟೇ. ಪ್ರೊಪೆಲರಿನ ಎಳೆತವಾಗಲಿ ಅಡ್ಡಗಾಳಿಯಾಗಲಿ ಎಲ್ಲಿಗೂ ಹೋಗಲಿಲ್ಲ. ಹೊಸ ರೂಪಕ್ಕೆ ಹೊಸ ತಪ್ಪೂ ಸೇರಿತು. ವೇಗ ಹೆಚ್ಚಿದ ಮೇಲೂ ಭಯದಿಂದ ಮೂಗನ್ನು ನೆಲಕ್ಕೆ ಒತ್ತಿಹಿಡಿದರೆ, ಹಿಂದಿನ ಚಕ್ರಗಳು ಹಗುರವಾಗಿ, ಮುಂದಿನ ಒಂದೇ ಚಕ್ರದ ಮೇಲೆ ವಿಮಾನವು ಒಂಟಿಚಕ್ರದ ಕೈಗಾಡಿಯಂತೆ ಓಡಿ ಪಕ್ಕಕ್ಕೆ ತಿರುಗುತ್ತದೆ. ಬಾಲದ ಚಕ್ರದಲ್ಲಿ ಎಚ್ಚರ ತಪ್ಪಿದವನಿಗೆ ಶಿಕ್ಷೆ. ಮೂಗಿನ ಚಕ್ರದಲ್ಲಿ ಅತಿಯಾಗಿ ಹೆದರಿದವನಿಗೆ.

ಒಂದು ಭಾನುವಾರ ನಾವು ಜಕ್ಕೂರಿನ ಮೈದಾನದ ಬೇಲಿಯ ಬಳಿ ನಿಂತು, ಚಿಕ್ಕ ವಿಮಾನವೊಂದು ಓಡುವುದನ್ನು ನೋಡುತ್ತಿದ್ದೆವು. ದೂರಕ್ಕೆ ಅದು ಗೆರೆ ಎಳೆದಂತೆ ನೇರವಾಗಿ ಹೋಗುತ್ತಿರುವಂತೆ ಕಂಡಿತು. ಗಮನವಿಟ್ಟು ನೋಡಿದಾಗ ಬಾಲದ ಚುಕ್ಕಾಣಿ ಒಂದು ಕ್ಷಣವೂ ಸುಮ್ಮನಿರಲಿಲ್ಲ. ಅತ್ತ ಒಂದು ಅಂಗುಲ, ಇತ್ತ ಒಂದು ಅಂಗುಲ ಆಡುತ್ತಲೇ ಇತ್ತು. ಸೈಕಲ್ ಕಲಿತ ಹುಡುಗನ ಕೈಯೂ ಹೀಗೆಯೇ. ಬೀಳುವ ಹುಡುಗನು ಹಿಡಿಯನ್ನು ಬಿಗಿಯಾಗಿ ಹಿಡಿದು, ಓರೆ ದೊಡ್ಡದಾಗುವ ತನಕ ಕಾದು, ಆಮೇಲೆ ಒಮ್ಮೆಗೇ ಜಗ್ಗುತ್ತಾನೆ. ಕಲಿತವನು ಓರೆ ಕಣ್ಣಿಗೆ ಬೀಳುವುದಕ್ಕೆ ಮೊದಲೇ ಅದನ್ನು ತಿದ್ದಿರುತ್ತಾನೆ. ತಿದ್ದಿದುದು ತನಗೇ ತಿಳಿದಿರುವುದಿಲ್ಲ. ಮೊದಲ ವಿಮಾನವನ್ನು ಕಟ್ಟಿದ ಸಹೋದರರು ಸೈಕಲ್ಲಿನ ವ್ಯಾಪಾರಿಗಳಾಗಿದ್ದುದನ್ನು ನೆನೆದಾಗ ಈ ಸಾದೃಶ್ಯ ಆಕಸ್ಮಿಕವೆನಿಸುವುದಿಲ್ಲ.

ಕಂಬಿಯಿಂದ ಚಕ್ರಕ್ಕೆ, ಬಾಲದ ಚಕ್ರದಿಂದ ಮೂಗಿನ ಚಕ್ರಕ್ಕೆ ಬಂದ ಈ ಅರ್ಧಶತಮಾನದ ಚರಿತ್ರೆಯಲ್ಲಿ ಯಂತ್ರವು ಕ್ರಮೇಣ ಹೆಚ್ಚು ಕ್ಷಮಾಶೀಲವಾಯಿತು. ಅದು ದೊಡ್ಡ ಲಾಭ. ಅದರಿಂದ ಉಳಿದ ಪ್ರಾಣಗಳು ಬಹಳ. ಆದರೆ ತಪ್ಪು ಚಿಕ್ಕದಾಗಿರುವಾಗಲೇ ಅದನ್ನು ಚಿಕ್ಕದಾಗಿ ತಿದ್ದುವ ಹೊಣೆಯನ್ನು ಯಾವ ಚಕ್ರವೂ ಮನುಷ್ಯನಿಂದ ತೆಗೆದುಕೊಂಡಿಲ್ಲ. ಹೊನೊಲುಲುವಿನ ಆ ಬೆಳಗಿನಲ್ಲಿ ಎಷ್ಟೋ ಸಾವಿರ ಮೈಲಿಗಳ ಅನುಭವವುಳ್ಳ ವಿಮಾನಿಯನ್ನು ಸೋಲಿಸಿದ್ದು ಸಾಗರವೂ ಅಲ್ಲ, ಬಿರುಗಾಳಿಯೂ ಅಲ್ಲ. ಬಲಕ್ಕೆ ಬಂದ ಒಂದು ಹೊರಳು, ಮತ್ತು ಅದಕ್ಕಿಂತ ದೊಡ್ಡದಾದ ಅದರ ತಿದ್ದುಪಡಿ. ಮುಂದೆ ಎಂದಾದರೂ ನಾವು ಚಿಕ್ಕ ವಿಮಾನವೊಂದು ಏರುವುದನ್ನು ಕಂಡರೆ, ಅದು ಆಕಾಶಕ್ಕೆ ಹೋಗುವ ತನಕ ಕಾಯದೆ, ನೆಲದ ಮೇಲಿನ ಆ ಅರ್ಧ ನಿಮಿಷವನ್ನೂ ನೋಡೋಣ.